ಕೀಲಿ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೀಲಿ ಸಾಹೇಬರಿಗೆ,

ಗದಗ-ಬೆಟಗೇರಿ ಅವಳಿ ನಗರದ ಸಮಸ್ತರ ಶರಣು ಶರಣಾರ್ಥಿಗಳು.

ಕವಿಯ ಮನೆ, ಗಾಯಕನ ಮನೆ, ಹಳೇ ವಾಡೆ, ಎರಡು ಕೋಣೆಯ ವಸ್ತುಸಂಗ್ರಹಾಲಯ: ನಾಡಿನಲ್ಲಿ ಇಂಥದ್ದು ಎಲ್ಲಿದ್ದರೂ ರಜೆ ಕೇಳದೆ ದುಡಿಯುವ ಸಿಬ್ಬಂದಿ ಎಂದರೆ ತಾವೊಬ್ಬರೇ. ಕೇಂದ್ರದ ಪುರಾತತ್ವ ಇಲಾಖೆಯ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ರಾಜ್ಯದ ಬಹಳಷ್ಟು ಸಂಗ್ರಹಾಲಯಗಳಿಗೆ ಸೋಮವಾರ ರಜೆ. ಕಾವಲುಗಾರ ಊಟಕ್ಕೆ ಹೋದವನು ಸಂತೆಯನ್ನೂ ಮುಗಿಸಿಕೊಂಡೇ ಬರುತ್ತಾನೆ. ಮಳೆ-ಬಿಸಿಲು ಎನ್ನದೆ ಚಿಲಕಕ್ಕೆ ಜೋತುಬಿದ್ದ ತಮ್ಮ ನಿಷ್ಠೆಗೆ ಈವರೆಗೆ ಯಾರೂ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿಲ್ಲ ಎನ್ನುವುದೇ ಆಶ್ಚರ್ಯ.

ಹುಬ್ಬಳ್ಳಿ ಕಡೆಯಿಂದ ಹಂಪಿಗೆ ಹೊರಟ ಪ್ರವಾಸಿ ಮಹಾಶಯ ಗದಗಿನಲ್ಲಿ ಕಾರು ನಿಲ್ಲಿಸುವುದು ಬದನೆಕಾಯಿ ಬಜಿ ತಿನ್ನಲಿಕ್ಕೆ. ಎಣ್ಣೆ ಹತ್ತಿದ ಬೆರಳನ್ನು ಪೇಪರಿಗೆ ಒರೆಸುತ್ತ “ಇಲ್ಲಿ ನೋಡುವಂಥದ್ದು ಏನಿದೆ?” ಎಂದು ಕೇಳುತ್ತಾನೆ. ಬಜಿ ಅಂಗಡಿಯವನು “ಭಾಳ ಐತ್ರೀ ಸರ, ನಿಮಗ ಟೈಮ್ ಎಷ್ಟೈತಿ?” ಎನ್ನುತ್ತಾನೆ. ಅರ್ಧ ತಾಸು ಎಂಬ ಉತ್ತರ ಬಂದ ಕೂಡಲೇ ಇನ್ನೊಂದು ಪ್ಲೇಟು ಮುಂದೆ ಇಡುತ್ತಾನೆ. ಅರ್ಧ ತಾಸಿಗೆ ಅದೇ ಸರಿ.

ಮಹಾಶಯನ ಮನಸ್ಸಿನಲ್ಲಿರುವ ಚಿತ್ರವೇ ಬೇರೆ. ಮೈಸೂರಿನ ಯಾದವಗಿರಿಯಲ್ಲಿ ಗಿಡಮರಗಳ ನೆರಳಿನ ನಡುವೆ ಆರ್.ಕೆ. ನಾರಾಯಣ್ ಅವರ ಮನೆ ಇದೆ. 2011ರಲ್ಲಿ ಅದನ್ನು ಕೆಡವಲು ಶುರು ಮಾಡಿದ ಮೇಲೆಯೇ ಅದು ಪರಂಪರೆ ಎಂದು ಎಲ್ಲರಿಗೂ ಹೊಳೆದದ್ದು. 2016ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಸುತ್ತಿಗೆಯ ಸದ್ದು ಕೇಳದೆ ನಮ್ಮಲ್ಲಿ ಇತಿಹಾಸಪ್ರಜ್ಞೆ ಎಚ್ಚರವಾಗುವುದಿಲ್ಲ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’ ಇದೆ, ಸಾಧನಕೇರಿಯಲ್ಲಿ ಬೇಂದ್ರೆಯವರದ್ದಿದೆ. ಅಲ್ಲಿ ನೆರಳಿದೆ, ಕಟ್ಟೆ ಇದೆ, ಫೋಟೋ ಚಲೋ ಬರುತ್ತದೆ. ಗದಗಿನಲ್ಲಿ ಗಾಳಿ ಇದೆ, ಧೂಳಿದೆ.

ಆದರೂ ಊರು ಸೋಲುವುದಿಲ್ಲ. ರೋಣದಲ್ಲಿ 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದವರು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಅವರಿಗೆ ಸ್ಮಾರಕ ಮಾಡಬೇಕಾದದ್ದು ಬಿಟ್ಟುಹೋದ ಮನೆಗೋ, ಹತ್ತಿಹೋದ ರೈಲಿಗೋ ಎಂಬುದನ್ನು ಯಾವುದಾದರೂ ಸಮಿತಿ ತೀರ್ಮಾನಿಸಲಿ. ರೈಲಾದರೆ ತಮಗೆ ಕೆಲಸವಿಲ್ಲ, ಸಾಹೇಬರೇ. ಹೊರಗಿನಿಂದ ಕೀಲಿ ಜಡಿಯುವ ಪದ್ಧತಿ ಗೂಡ್ಸ್ ಗಾಡಿಗೆ ಮಾತ್ರ.

1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿದ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಬರೆದ ಹುಯಿಲಗೋಳ ನಾರಾಯಣರಾಯರು ಇದೇ ಊರಿನ ವಕೀಲರು. ಅವರ ಹಾಡು ನವೆಂಬರ್ ಬಂತೆಂದರೆ ಪ್ರತಿ ಓಣಿಯ ಮೈಕಿನಲ್ಲೂ ಕೇಳುತ್ತದೆ. ಅವರು ಯಾವ ಓಣಿಯಲ್ಲಿದ್ದರು ಎಂದು ಮೈಕಿನವನನ್ನು ಕೇಳಿದರೆ ಅವನು ವಾಲ್ಯೂಮ್ ಹೆಚ್ಚಿಸುತ್ತಾನೆ. ಇನ್ನು ಊರಿನ ಹೊರಗೆ, ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಆವರಣದಲ್ಲಿ, ಅಹಮದಾಬಾದಿನ ಸಬರಮತಿ ಆಶ್ರಮದ ಪ್ರತಿರೂಪವೇ ನಿಂತಿದೆ. ಗುಜರಾತಿನ ಮನೆ ಗದಗಿಗೆ ಬರಬಹುದಾದರೆ, ಗದಗಿನವರ ಮನೆ ಗದಗಿನವರಿಗೇ ಸಿಗಲು ಏನು ತೊಡಕು ಎಂದು ಯಾರಾದರೂ ಕೇಳಿಯಾರು. ಕೇಳಿದವರಿಗೆ ಅರ್ಜಿ ನಮೂನೆ ಕೊಟ್ಟು ಕಳಿಸುವುದು ರೂಢಿ.

ತಮಗೆ ನಿಜವಾಗಿ ಹೊಟ್ಟೆ ಉರಿಯಬೇಕಾದ ಜಾಗಗಳು ಬೇರೆ ಇವೆ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬವಿದೆ. ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವ ತನಕ ಆ ಕಂಬಕ್ಕೊರಗಿ ಭಾರತ ಬರೆಯುತ್ತಿದ್ದನಂತೆ ಎಂದು ಊರು ನಂಬಿದೆ. ಅದು ಕವಿಯ ಬರೆಯುವ ಕೋಣೆಯೇ ಸರಿ, ಆದರೆ ಬಾಗಿಲಿಲ್ಲ, ಗಾಜಿಲ್ಲ, ‘ಮುಟ್ಟಬೇಡಿ’ ಬೋರ್ಡಿನ ದಬಾವಣೆಯಿಲ್ಲ. ಪರೀಕ್ಷೆಗೆ ಹೊರಟ ಹುಡುಗ ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾನೆ.

ವೀರೇಶ್ವರ ಪುಣ್ಯಾಶ್ರಮ ಇನ್ನೂ ಕಷ್ಟ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟವರು. ಖರ್ಚಿಗೆಂದು ನಾಟಕ ಕಂಪನಿಯನ್ನೇ ನಡೆಸಿದರು. ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾದರು, ಹಾರ್ಮೋನಿಯಂ ನಿಲ್ಲಲಿಲ್ಲ. ಇಲ್ಲಿಯ ವಾದ್ಯಗಳನ್ನು ಗಾಜಿನ ಪೆಟ್ಟಿಗೆಗೆ ಹಾಕಬೇಕೆಂದರೆ ನುಡಿಸುತ್ತಿರುವ ಹುಡುಗನನ್ನು ಮೊದಲು ಎಬ್ಬಿಸಬೇಕಾಗುತ್ತದೆ.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಪಕ್ಕ ಶಿಲ್ಪಗಳ ಸಂಗ್ರಹಾಲಯವಿದೆ. ಆದರೆ ಊರೇ ಅದರ ಮುಂದುವರಿಕೆ: ಗುಡಿಯ ಗೋಡೆಗೆ ಮನೆ, ಮನೆಯ ಗೋಡೆಗೆ ಕೊಟ್ಟಿಗೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಈ ಅತ್ತಿಮಬ್ಬೆಯೇ. ಮುಂದೆ ಗದಗ ಮುದ್ರಣ ಕಾಶಿ ಎನಿಸಿಕೊಂಡದ್ದರಲ್ಲಿ ವಿಶೇಷವೇನೂ ಇಲ್ಲ, ಆರ್ಡರ್ ಸಾವಿರ ವರ್ಷ ಮೊದಲೇ ಬಂದಿತ್ತು.

ದಕ್ಷಿಣದ ತಾಲೂಕುಗಳಲ್ಲೂ ತಮಗೆ ಹುದ್ದೆ ಖಾಲಿ ಇಲ್ಲ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯೂ 1617ರಲ್ಲಿ ಅಂಕುಶಖಾನ ಕಟ್ಟಿಸಿದ ಮಸೀದಿಯೂ ದಿನವೂ ಜನ ಬಂದು ಹೋಗುವ ಜಾಗಗಳು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ರಾತ್ರಿ ಕೀಲಿ ಹಾಕಿದರೂ ಬೆಳಗಾಗುವುದರೊಳಗೆ ಯಾರೋ ಬಂದು ಬಾಗಿಲು ಬಡಿಯುತ್ತಾರೆ. ಮುಂಡರಗಿಯ ಭೀಮರಾಯ 1858ರಲ್ಲಿ ಡಂಬಳದ ಖಜಾನೆಯ ಮೇಲೆಯೇ ಬಿದ್ದವನು. ಅಂಥವನ ಊರಿನಲ್ಲಿ ಕೀಲಿಯ ಮರ್ಯಾದೆ ಎಷ್ಟೆಂದು ತಾವೇ ಊಹಿಸಿಕೊಳ್ಳಿ.

ಕಾರಣ, ತಾವು ಬೇರೆ ಜಿಲ್ಲೆಗೆ ವರ್ಗಾವಣೆ ಕೇಳಿಕೊಳ್ಳುವುದು ಲೇಸು. ಅದಾಗದಿದ್ದರೆ ಒಂದೇ ಬಿನ್ನಹ. ಕೀಲಿಕೈ ಯಾರ ಹತ್ತಿರ ಐತಿ, ಅವರ ಮನಿ ಎಲ್ಲೈತಿ, ಅವರು ಮಧ್ಯಾಹ್ನ ಎಷ್ಟೊತ್ತಿಗೆ ಮಲಗಿ ಏಳತಾರ ಎಂಬ ಮೂರು ಸಂಗತಿಯನ್ನು ಬಾಗಿಲ ಮೇಲೆ ಸುಣ್ಣದಿಂದಲಾದರೂ ಬರೆಸಿರಿ.

ಇಂತಿ,
ಹೊರಗೆ ನಿಂತವರು