ಅತಿಥಿ ದೇವೋ ಭವ

(ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಬಿ.ಇಡಿ ಮುಗಿಸಿದ ಹುಡುಗ ಅತಿಥಿ ಶಿಕ್ಷಕನಾಗಲು ಅರ್ಜಿ ಹಿಡಿದು ಬಂದಿದ್ದಾನೆ.)

ಹೆಡ್‌ಮಾಸ್ತರ್: ಬರ್ರಿ ಸರ, ಕುಂದರ್ರಿ. ಆ ಕುರ್ಚಿ ಬ್ಯಾಡ, ಅದು ಕಾಯಂ ಶಿಕ್ಷಕರದು. ಖಾಲಿ ಇರ್ಬೇಕು. ನಿಮ್ಮ ವಿಷಯ?

ಹುಡುಗ: ಗಣಿತ್ರಿ.

ಹೆಡ್‌ಮಾಸ್ತರ್: ಚಲೋ ಆತು. ಇಂಗ್ಲಿಷ್, ಸಮಾಜ, ಪಿ.ಟಿ. ನೋಡ್ಕೋರಿ. ಬಿಸಿಯೂಟದ ಮೊಟ್ಟಿ ಲೆಕ್ಕಕ್ಕೂ ಗಣಿತದವರೇ ಬೇಕಾಗಿತ್ತು.

ಹುಡುಗ: ಪಗಾರ ಎಷ್ಟ್ರಿ?

ಹೆಡ್‌ಮಾಸ್ತರ್: ಪಗಾರ ಅನಬಾರದು, ಗೌರವಧನ. 10,000 ಇತ್ತು, 2025ರ ಬಜೆಟ್‌ನ್ಯಾಗ 2,000 ಏರಿಸ್ಯಾರ. ಗೌರವ ಇವತ್ತೇ ಸಿಗ್ತದ. ಧನ ಅನುದಾನ ಬಂದ ಮ್ಯಾಲೆ.

ಹುಡುಗ: ಬ್ಯಾಸಗಿ ರಜಾದಾಗ?

ಹೆಡ್‌ಮಾಸ್ತರ್: ಅತಿಥಿ ಅಂದ್ರ ಯಾರ್ರಿ? ಬಂದು, ಉಂಡು, ಹೋಗೋರು.

(ಉಂಡು ಎಂದದ್ದು ಬಿಸಿಯೂಟವನ್ನೇ. ಆ ಮಟ್ಟಿಗೆ ಮಾತು ಸುಳ್ಳಲ್ಲ.)

ಹುಡುಗ: ನಮ್ಮ ಭಾಗಕ್ಕ 371(ಜೆ) ಅದಲ್ರಿ, ನೌಕರಿ ಮೀಸಲು ಅಂತ?

ಹೆಡ್‌ಮಾಸ್ತರ್: ಅದಕ್ಕs ಆ ಕುರ್ಚಿ ಹೊರಗಿನವರು ಯಾರೂ ಮುಟ್ಟಿಲ್ಲ. ಒಳಗಿನವರೂ ಮುಟ್ಟಿಲ್ಲ, ಅದು ಬ್ಯಾರೆ ಮಾತು.

ಹುಡುಗ: ನಲಿ-ಕಲಿಯೊಳಗ ಮೂರು ಕ್ಲಾಸು ಕೂಡಿಸಿ ಕಲಿಸಬೇಕಂತ ಓದೀನ್ರಿ.

ಹೆಡ್‌ಮಾಸ್ತರ್: ನಾವು ಮುಂದ ಹೋಗೀವಿ. ಇಲ್ಲಿ ಐದೂ ಕೂಡೇ ನಲೀತಾವ. ಕಲಿಯೋದು ನಿಮ್ಮ ಮ್ಯಾಲ.

ಹುಡುಗ: ಮತ್ತ ನೀವ್ರಿ ಸರ?

ಹೆಡ್‌ಮಾಸ್ತರ್: ನನಗ ಬಿಇಒ ಆಫೀಸಿನ್ಯಾಗ ಮೀಟಿಂಗ್ ಅದ. ಶಿಕ್ಷಕರ ಕೊರತಿ ಬಗ್ಗೆ.

(ಬೈಕ್ ಹೋಯಿತು. ಹುಡುಗ ಸೀಮೆಸುಣ್ಣ ಹುಡುಕಿದ. ಅದು ಬೀರುವಿನಲ್ಲಿತ್ತು. ಬೀರುವಿನ ಕೀಲಿ ಬೈಕಿನಲ್ಲಿತ್ತು.)