ರಾಯರ 48 ಗಂಟೆ

ಪ್ರೇರಣಾ ಭಾಷಣಕಾರರ ಅಚ್ಚುಮೆಚ್ಚಿನ ಮಾತೊಂದಿದೆ: ಸಾಧಕನಿಗೂ ಸೋಮಾರಿಗೂ ದೇವರು ಕೊಟ್ಟಿರುವುದು ಅದೇ 24 ಗಂಟೆ. ಸರಿಯೇ. ಆದರೆ ಕೆಲವು ಪುಣ್ಯವಂತರಿಗೆ ಹೆಂಡತಿಯ 24 ಗಂಟೆಯೂ ಸೇರಿ ಒಟ್ಟು 48 ಆಗುತ್ತದೆ. ಸಮತೋಲನದ ದಿನಚರಿ ಅರಳುವುದು ಅಂಥ ಮನೆಗಳಲ್ಲೇ.

ನಮ್ಮ ಎದುರುಮನೆ ರಾಯರನ್ನೇ ನೋಡಿ. ರಾಬಿನ್ ಶರ್ಮಾ ಅವರ ‘ದಿ 5 ಎಎಮ್ ಕ್ಲಬ್’ ಓದಿದಂದಿನಿಂದ ಅವರನ್ನು ಹಿಡಿಯುವವರಿಲ್ಲ. 5ಕ್ಕೆ ಏಳುವುದು, 20 ನಿಮಿಷ ವ್ಯಾಯಾಮ, 20 ನಿಮಿಷ ಧ್ಯಾನ, 20 ನಿಮಿಷ ಓದು. ನಡುಮನೆಯ ಫ್ರಿಜ್ಜಿಗೆ ವೇಳಾಪಟ್ಟಿ ಅಂಟಿಸಿದ್ದಾರೆ. ಧ್ಯಾನಕ್ಕೆ ಹಸಿರು ಬಣ್ಣ, ಕಚೇರಿಗೆ ನೀಲಿ, ಕುಟುಂಬದ ಜೊತೆ ‘ಕ್ವಾಲಿಟಿ ಟೈಮ್’ಗೆ ಗುಲಾಬಿ.

5.20ಕ್ಕೆ ರಾಯರು ಪದ್ಮಾಸನ ಹಾಕಿ ಕಣ್ಣು ಮುಚ್ಚುತ್ತಾರೆ. ಅದೇ ಹೊತ್ತಿಗೆ ನಲ್ಲಿಯಲ್ಲಿ ನೀರು. ನಮ್ಮ ಬೀದಿಗೆ ಅದು ಬರುವುದು ದಿನ ಬಿಟ್ಟು ದಿನ, ನೀರು ಬಿಡುವವನಿಗೆ ಎಚ್ಚರವಾದಾಗ. “ರೀ, ಸಂಪು ತುಂಬಿ ಹರೀತಿದೆ, ಒಂಚೂರು ನಲ್ಲಿ ನಿಲ್ಲಿಸ್ರೀ” ಎಂದು ಹೆಂಡತಿ ಒಳಗಿನಿಂದ ಕೂಗಿದರೆ, ರಾಯರು ಒಂದೇ ಕಣ್ಣು ತೆರೆದು ಫ್ರಿಜ್ಜಿನತ್ತ ಬೆರಳು ತೋರಿಸುತ್ತಾರೆ. ಹಸಿರು ಇನ್ನೂ ಮುಗಿದಿಲ್ಲ! ಹೆಂಡತಿಯೇ ಓಡಿಹೋಗಿ ನಲ್ಲಿ ನಿಲ್ಲಿಸಿ ಬರುತ್ತಾರೆ. ಚಟ್ನಿಗೆ ಮಿಕ್ಸಿ ಹಾಕಲು 5.40ರವರೆಗೆ ಕಾಯುತ್ತಾರೆ. ಯಜಮಾನರ ಏಕಾಗ್ರತೆ ಕೆಡಬಾರದಲ್ಲ.

ರಾಯರೊಬ್ಬರನ್ನೇ ಅಂದು ಪ್ರಯೋಜನವಿಲ್ಲ, ಇದು ದೊಡ್ಡವರು ಹಾಕಿಕೊಟ್ಟ ದಾರಿ. ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಇಡೀ ದಿನದ ಪಟ್ಟಿಯನ್ನೇ ಕೊಟ್ಟಿದ್ದಾರೆ: 5ಕ್ಕೆ ಎದ್ದು ಈ ದಿನ ಯಾವ ಒಳಿತು ಮಾಡಲಿ ಎಂಬ ಚಿಂತನೆ, 8ಕ್ಕೆ ಕೆಲಸ, ಮಧ್ಯಾಹ್ನ ಲೆಕ್ಕಪತ್ರ ಮತ್ತು ಊಟ, ಸಂಜೆ ಸಂಗೀತ, ಮಾತುಕತೆ, 10ಕ್ಕೆ ನಿದ್ದೆ. ಊಟಕ್ಕೆ ಹೊತ್ತು ಗೊತ್ತಾಗಿದೆ, ಅಡುಗೆಯ ಸುದ್ದಿಯೇ ಇಲ್ಲ. ಅವರಿದ್ದ ಫಿಲಡೆಲ್ಫಿಯಾದಲ್ಲಿ ಊಟ ಮರದಲ್ಲಿ ಬಿಡುತ್ತಿತ್ತೋ ಏನೋ! ಇಷ್ಟಾದರೂ, ತಾವು ಪಟ್ಟಿ ಮಾಡಿಕೊಂಡ ಸದ್ಗುಣಗಳಲ್ಲಿ ಈ ಅಚ್ಚುಕಟ್ಟುತನವೇ ತಮಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟಿತೆಂದು ಅವರೇ ಒಪ್ಪಿಕೊಂಡಿದ್ದಾರೆ. ಭಾಷಣಕಾರರು ಅಲ್ಲಿಗೆ ಬರುವಷ್ಟರಲ್ಲಿ ಪುಟ ಮಗುಚಿರುತ್ತಾರೆ.

ಅದೇ ದಾರಿಯಲ್ಲಿ ಮುಂದೆ, 1980ರ ದಶಕದ ಕೊನೆಯಲ್ಲಿ, ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಎದುರಿಗಿಟ್ಟುಕೊಂಡು ‘ಪೊಮೊಡೊರೊ’ ಪದ್ಧತಿ ಶುರುಮಾಡಿದರು. 25 ನಿಮಿಷ ದುಡಿತ, 5 ನಿಮಿಷ ವಿರಾಮ. ಹೀಗೆ ಟೈಮರ್ ಅಡುಗೆಮನೆಯಿಂದ ಓದುವ ಮೇಜಿಗೆ ಬಂತು. ಆ 5 ನಿಮಿಷದ ವಿರಾಮ ಮಾತ್ರ ಅಡುಗೆಮನೆಗೆ ಹೋಗಲೇ ಇಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಗಂಡಸರು 88 ನಿಮಿಷ. ಪೇಪರಿನಲ್ಲಿ ಇದನ್ನು ಓದಿದ ರಾಯರಿಗೆ ತಡೆಯಲಾಗದ ಸಂಕಟ. “88 ನಿಮಿಷವಂತೆ! ಇಷ್ಟು ಟೈಮ್ ವೇಸ್ಟ್ ಮಾಡೋ ಗಂಡಸರು ಯಾರ್ರೀ ಇವರು? ದೇಶ ಉದ್ಧಾರ ಆಗೋದು ಹೇಗೆ?”

ರಾತ್ರಿ 8ಕ್ಕೆ ಗುಲಾಬಿ ಹೊತ್ತು. ಕುಟುಂಬಕ್ಕೆ ಕ್ವಾಲಿಟಿ ಟೈಮ್ ದಯಪಾಲಿಸಲು ರಾಯರು ಸೋಫಾದಲ್ಲಿ ಸಿದ್ಧರಾಗಿ ಕೂತಿದ್ದರೆ, ತೆಗೆದುಕೊಳ್ಳುವವರೇ ಇಲ್ಲ. ಮಗಳಿಗೆ ಮರುದಿನ ಟೆಸ್ಟು. ಹೆಂಡತಿ ಒಂದು ಕಣ್ಣು ಕುಕ್ಕರಿನ ಮೇಲಿಟ್ಟು ದೋಸೆಗೆ ರುಬ್ಬುತ್ತಿದ್ದಾರೆ. “ನಿನಗೆ ಟೈಮ್ ಮ್ಯಾನೇಜ್‌ಮೆಂಟೇ ಗೊತ್ತಿಲ್ಲ ಕಣೇ. ತಗೋ, ಈ ಪುಸ್ತಕ ಓದು” ಎಂದರು ರಾಯರು.

ಹಿಟ್ಟಿನ ಕೈಯಲ್ಲೇ ಆಕೆ ಕೇಳಿದರು: “ಯಾವ ಬಣ್ಣದಲ್ಲಿ ಓದಲಿ, ಹೇಳಿ.”

ರಾಯರಿಗೆ ಉತ್ತರ ಹೊಳೆಯಲಿಲ್ಲ. ಹುಡುಕಲು ಪುರುಸೊತ್ತೂ ಇರಲಿಲ್ಲ. ಆಗಲೇ 9 ಗಂಟೆ, ಕೃತಜ್ಞತಾ ಡೈರಿ ಬರೆಯುವ ಹೊತ್ತು. ಪೆನ್ನು ಹಿಡಿದು ನೆಮ್ಮದಿಯಿಂದ ಬರೆದರು: ‘ಯಾರ ಹಂಗೂ ಇಲ್ಲದೆ, ಕೇವಲ ಸ್ವಂತ ಶಿಸ್ತಿನಿಂದ ಇನ್ನೊಂದು ದಿನ ಸಾರ್ಥಕವಾಯಿತು.’