ಘೃತಮೀಮಾಂಸೆ ಅಥವಾ ‘ಸಾಕು’ ಎಂಬ ಅಳತೆ

ತುಪ್ಪ ಮೈಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಪಂಥಗಳಿವೆ: ವೈದ್ಯಪಂಥ ಮತ್ತು ಅಜ್ಜಿಪಂಥ. ಚಾರ್ವಾಕರನ್ನು ಮೂರನೆಯ ಪಂಥವೆಂದು ಎಣಿಸಬಹುದಿತ್ತು. ಆದರೆ 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ದಲ್ಲಿ ಅವರ ಹೆಸರಿಗೆ ಅಂಟಿಕೊಂಡಿರುವ ತುಪ್ಪದ ಮಾತು ಸಾಲದ ಬಗ್ಗೆ ಇದೆಯೇ ಹೊರತು ಕೊಲೆಸ್ಟ್ರಾಲ್ ಬಗ್ಗೆ ಚಕಾರವೆತ್ತುವುದಿಲ್ಲ.

ವೈದ್ಯಪಂಥದ ವಾದ ಹೀಗಿದೆ. ತುಪ್ಪವೆಂದರೆ ಹೆಚ್ಚುಕಮ್ಮಿ ಪೂರ್ತಿ ಕೊಬ್ಬೇ. ಅದರಲ್ಲಿ ಶೇ. 60ರಷ್ಟು ಸ್ಯಾಚುರೇಟೆಡ್ ಜಾತಿಯದು, ರಕ್ತದಲ್ಲಿ ಎಲ್‌ಡಿಎಲ್ ಏರಿಸುವಂಥದ್ದು. ದಿನದ ಕ್ಯಾಲೊರಿಯಲ್ಲಿ ಈ ಜಾತಿಯ ಪಾಲು ಶೇ. 10 ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2,000 ಕ್ಯಾಲೊರಿ ಉಣ್ಣುವವನಿಗೆ ಅದು ಸುಮಾರು 22 ಗ್ರಾಂ. ನಮ್ಮ ಡಾಕ್ಟರು ‘ದಿನಕ್ಕೆ ಒಂದು ಚಮಚ, ಅಷ್ಟೇ’ ಎಂದರು. ಅಜ್ಜಿ ತಕ್ಷಣ ಒಪ್ಪಿಕೊಂಡರು. ಒಪ್ಪಿದ ವೇಗ ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಡಾಕ್ಟರ ಚಮಚಕ್ಕೆ 5 ಗ್ರಾಂ, 45 ಕ್ಯಾಲೊರಿ. ನಮ್ಮನೆಯಲ್ಲಿ ತುಪ್ಪ ಬಡಿಸುವುದು ಮಿಳ್ಳೆಯಲ್ಲಿ. ಅದಕ್ಕೆ ಗ್ರಾಂ ಲೆಕ್ಕವಿಲ್ಲ, ‘ಸಾಕು’ ಲೆಕ್ಕ. ಉಣ್ಣುವವನು ಸಾಕು ಎಂದೊಡನೆ ನಿಲ್ಲಿಸಬೇಕು ಎಂಬುದು ಸೂತ್ರ. ಆದರೆ ಅಜ್ಜಿಯ ವ್ಯಾಕರಣದಲ್ಲಿ ಸಕಾರಕ್ಕೆ ಹಕಾರ ಆದೇಶವಾಗಿ ‘ಸಾಕು’ ಎಂಬುದು ‘ಹಾಕು’ ಆಗುತ್ತದೆ. ‘ಸಾಕು ಸಾಕು’ ಎಂಬ ದ್ವಿರುಕ್ತಿ ಉತ್ಸಾಹವಾಚಕ. ಕೈ ಅಡ್ಡ ಹಿಡಿದು ‘ಸಾಕಜ್ಜೀ!’ ಎಂದು ಕೂಗಿದರೆ ಮಾತ್ರ ನಿಷೇಧಾರ್ಥ. ಅಷ್ಟರಲ್ಲಿ ಸಾರನ್ನದ ಗುಂಡಿಯಲ್ಲಿ ಕೆರೆ ಕಟ್ಟಿರುತ್ತದೆ. ಅಡ್ಡ ಹಿಡಿದ ಕೈಮೇಲೆ ಬಿದ್ದದ್ದನ್ನು ನೆಕ್ಕದಿದ್ದರೆ ಅನ್ನಪೂರ್ಣೆಗೆ ಅಪಚಾರ. ಮೊದಲೇ ಅಭಿಘಾರ ಮಾಡಿದ್ದು ಶಾಸ್ತ್ರಕ್ಕೆ ಸೇರಿದ್ದರಿಂದ ಅದಕ್ಕೆ ಕ್ಯಾಲೊರಿಯೇ ಇಲ್ಲ.

ಮಿಳ್ಳೆಯನ್ನು ತಕ್ಕಡಿಗಿಟ್ಟು ವಿಷಯ ಇತ್ಯರ್ಥ ಮಾಡಲು ಹೊರಟೆ. ‘ತುಪ್ಪ ತೂಗಬಾರದು ಕಣೋ, ದೃಷ್ಟಿಯಾಗತ್ತೆ’ ಎಂದು ಅಜ್ಜಿ ತಕ್ಕಡಿಯನ್ನೇ ಅಟ್ಟಕ್ಕೇರಿಸಿದರು.

ಬೆಣ್ಣೆ ಕಾಯಿಸುವಾಗ ಅವರ ಪಾಂಡಿತ್ಯ ನೋಡಬೇಕು. ಚಿಟಪಟ ಸದ್ದು ಅಡಗುವವರೆಗೆ, ಅಂದರೆ ನೀರಿನಂಶ ಆರುವವರೆಗೆ, ಕಿವಿಗೊಟ್ಟು ನಿಂತಿರುತ್ತಾರೆ. ತಳದ ಗಸಿ ಹೊಂಬಣ್ಣಕ್ಕೆ ತಿರುಗಿದ್ದೇ ತಡ, ಒಂದು ವೀಳ್ಯದೆಲೆ ಹಾಕಿ ಇಳಿಸುತ್ತಾರೆ. ಬೆಣ್ಣೆಯಲ್ಲಿದ್ದ ಲ್ಯಾಕ್ಟೋಸ್ ಸೋಸಿದ ತುಪ್ಪದಲ್ಲಿ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ಹಾಗಾಗಿ ಲ್ಯಾಕ್ಟೋಸ್ ಒಗ್ಗದವರಿಗೂ ತುಪ್ಪ ಸಾಮಾನ್ಯವಾಗಿ ಒಗ್ಗುತ್ತದೆ. ಇದನ್ನು ಅಜ್ಜಿಗೆ ತಿಳಿಸಿದ್ದು ನನ್ನ ಸಂಶೋಧನಾ ಜೀವನದ ಮಹಾಪ್ರಮಾದ. ಅಂದಿನಿಂದ ಮಿಳ್ಳೆ ಎತ್ತುವಾಗಲೆಲ್ಲ ‘ನೀನೇ ಹೇಳಿದ್ಯಲ್ಲ, ಎಲ್ಲರಿಗೂ ಒಗ್ಗತ್ತೆ ಅಂತ’ ಎನ್ನುತ್ತಾರೆ.

ಕಳೆದ ವಾರ ನನ್ನ ರಕ್ತಪರೀಕ್ಷೆಯ ವರದಿ ಬಂತು. ಅದನ್ನು ಊಟದ ಮೇಜಿನ ಮೇಲಿಟ್ಟದ್ದು ತಪ್ಪಾಯಿತು. ಮಿಳ್ಳೆಯಿಂದ ಒಂದು ಹನಿ ಬಿದ್ದು ಕಾಗದ ಪಾರದರ್ಶಕವಾಗಿದೆ. ಬೆಳಕಿಗೆ ಹಿಡಿದರೆ ನನ್ನ ಎಲ್‌ಡಿಎಲ್ ಅಂಕಿಯ ಜೊತೆಗೆ, ಹಿಂಬದಿಯಲ್ಲಿ ಅಜ್ಜಿ ಬರೆದಿಟ್ಟ ಸಾಮಾನಿನ ಚೀಟಿಯೂ ಓದಲು ಬರುತ್ತದೆ: ‘ಬೆಣ್ಣೆ 2 ಕೆಜಿ. ವೀಳ್ಯದೆಲೆ ಒಂದು ಕವಳೆ.’